ಸ್ಕ್ರೀನ್‌ಶಾಟ್ ಕಳಿಸೋದು ಜನರ ತಪ್ಪಲ್ಲ

ನಮ್ಮ ಕಡೆ ಲಿಂಕ್ ಕಳಿಸೋರು ಕಡಿಮೆ, ಸ್ಕ್ರೀನ್‌ಶಾಟ್ ಕಳಿಸೋರೇ ಜಾಸ್ತಿ. ಇದಕ್ಕೆ ಬೆಂಗಳೂರಿನ ಆಫೀಸುಗಳಲ್ಲಿ ಒಂದು ರೆಡಿಮೇಡ್ ವಿವರಣೆ ಇದೆ: ‘ಜನಕ್ಕೆ ಡಿಜಿಟಲ್ ತಿಳಿವಳಿಕೆ ಇಲ್ಲ.’ ನಾನು ಹೇಳೋದು ಉಲ್ಟಾ. ಜನಕ್ಕೆ ಚೆನ್ನಾಗಿಯೇ ತಿಳಿದಿದೆ. ಲಿಂಕ್ ಕಳಿಸಿದರೆ ತಾವು ನೋಡಿದ್ದು ಆ ಕಡೆಯವರಿಗೆ ಕಾಣಲ್ಲ ಅಂತ ಅನುಭವದಿಂದ ಕಲಿತಿದ್ದಾರೆ. ಕಲಿಯಬೇಕಾದವರು ಆ್ಯಪ್ ಕಟ್ಟೋರು.

ಕಲಬುರಗಿ ತೊಗರಿಯ ಕಣಜ. ಕಮಲಾಪುರದಲ್ಲಿ ತೊಗರಿ ರಾಶಿ ಮಾಡಿ ಚೀಲ ತುಂಬಿಟ್ಟ ರೈತನಿಗೆ ಬೇಕಾದದ್ದು ಒಂದೇ ಮಾಹಿತಿ: ಇವತ್ತು ಕಲಬುರಗಿ ಎಪಿಎಂಸಿಯಲ್ಲಿ ಕ್ವಿಂಟಲ್‌ಗೆ ಎಷ್ಟು? ದರ ತೋರಿಸೋ ಒಂದು ಸೈಟು (ಹೆಸರು ಬೇಡ, ಇಂಥವು ಹತ್ತಾರಿವೆ) ರಾಜ್ಯ, ಜಿಲ್ಲೆ, ಮಾರುಕಟ್ಟೆ, ಬೆಳೆ ಅಂತ ನಾಲ್ಕು ಡ್ರಾಪ್‌ಡೌನ್ ದಾಟಿಸುತ್ತೆ. ಎಲ್ಲ ಆರಿಸಿ ದರ ಬಂದ ಮೇಲೂ ಬ್ರೌಸರಿನ ವಿಳಾಸ ಮೊದಲು ಹೆಂಗಿತ್ತೋ ಹಂಗೇ. ಸಿಟಿಯಲ್ಲಿ ಓದ್ತಿರೋ ಅಣ್ಣನ ಮಗ ಅದನ್ನ ಕಾಪಿ ಮಾಡಿ ವಾಟ್ಸ್ಯಾಪ್ ಮಾಡಿದರೆ, ಊರಲ್ಲಿ ತೆರೆಯೋದು ಖಾಲಿ ಮುಖಪುಟ. ‘ಏನೂ ಕಾಣವಲ್ದೋ ತಮ್ಮಾ, ಫೋಟೋ ಹೊಡದು ಕಳಸು’ ಅಂತಾನೆ ಕಾಕಾ.

ಆ ಫೋಟೋ ಹತ್ತು ಗ್ರೂಪು ಸುತ್ತುತ್ತೆ. ನಾಲ್ಕು ದಿನ ಆದ ಮೇಲೆ ಅದು ಯಾವತ್ತಿನ ದರ ಅಂತ ಯಾರಿಗೂ ಗೊತ್ತಿರಲ್ಲ. ಅದನ್ನ ನಂಬಿ, ಗಾಡಿ ಬಾಡಿಗೆ ಕೊಟ್ಟು ಚೀಲ ಹೇರಿಕೊಂಡು ಹೋದವನಿಗೆ ಅಲ್ಲಿ ಬೇರೆಯೇ ದರ. ಲಿಂಕ್ ಸರಿಯಾಗಿದ್ದಿದ್ದರೆ ಒತ್ತಿದ ದಿನದ ದರವೇ ಬರ್ತಿತ್ತು. ಯುಆರ್‌ಎಲ್ ಮತ್ತು ಆ್ಯಪ್‌ನ ಸ್ಟೇಟ್ ಒಂದಕ್ಕೊಂದು ಹೊಂದದಿದ್ದರೆ ನಷ್ಟ ಯಾರಿಗೆ ಅನ್ನೋದಕ್ಕೆ ಇಷ್ಟು ಸಾಕು.

ಬೋರ್ಡಿನ ಮೇಲೆ ಕಮಲಾಪುರ ಅಂತ ಬರೆದ ಬಸ್ಸು ಆಳಂದಕ್ಕೆ ಹೋದರೆ ಕಂಡಕ್ಟರ್‌ನ ಸುಮ್ಮನೆ ಬಿಡ್ತೀವೇನು? ವೆಬ್ ಆ್ಯಪ್‌ನಲ್ಲಿ ಮಾತ್ರ ಬಿಡ್ತೀವಿ. ಹಳೇ ಸೈಟುಗಳಲ್ಲಿ ಲಿಂಕ್ ಒತ್ತಿದಾಗೆಲ್ಲ ಸರ್ವರ್‌ನಿಂದ ಹೊಸ ಪುಟ ಬರ್ತಿತ್ತು, ವಿಳಾಸ ತಾನಾಗೇ ಬದಲಾಗ್ತಿತ್ತು. ಸಿಂಗಲ್ ಪೇಜ್ ಆ್ಯಪ್ ಬಂದ ಮೇಲೆ ಆ ಕೆಲಸ ಡೆವಲಪರ್ ಹೆಗಲಿಗೆ ಬಂತು. ಮೊದಮೊದಲು ಹ್ಯಾಶ್ ಗುರುತಿನ ಕಸರತ್ತು. ಆಮೇಲೆ ಪುಟ ಮತ್ತೆ ಲೋಡ್ ಮಾಡದೆ ವಿಳಾಸ ಬದಲಿಸೋ ಪುಶ್‌ಸ್ಟೇಟ್ ಬಂತು. ಅದನ್ನ ಒಳಗೊಂಡ ಎಚ್‌ಟಿಎಂಎಲ್5 ಅಕ್ಟೋಬರ್ 2014ರಲ್ಲೇ ಡಬ್ಲ್ಯೂ3ಸಿಯ ಅಧಿಕೃತ ಮಾನದಂಡವಾಯ್ತು. ಸಾಧನ ಇಲ್ಲ ಅನ್ನೋ ನೆಪ ಅವತ್ತಿಗೇ ಮುಗೀತು.

ಈಗ ನಡೆಯೋದೇನು? ರೂಟರ್‌ಗೆ ಪುಟದ ಹೆಸರು ಮಾತ್ರ ಕೊಡೋದು. ಫಿಲ್ಟರ್, ಟ್ಯಾಬ್, ಪುಟಸಂಖ್ಯೆ ಎಲ್ಲ ಯೂಸ್‌ಸ್ಟೇಟ್ ಅಥವಾ ರಿಡಕ್ಸ್ ಒಳಗೆ. ಬಗ್ ಬಂದಾಗ ಎರಡು ಯೂಸ್‌ಎಫೆಕ್ಟ್ ಬರೆಯೋದು: ಒಂದು ಸ್ಟೇಟನ್ನ ಯುಆರ್‌ಎಲ್‌ಗೆ ಹಾಕುತ್ತೆ, ಇನ್ನೊಂದು ಯುಆರ್‌ಎಲ್ ಓದಿ ಸ್ಟೇಟ್ ಬದಲಿಸುತ್ತೆ. ಆಮೇಲೆ ಎರಡೂ ಜಗಳಕ್ಕೆ ನಿಲ್ತವೆ. ‘ಸಿಂಕ್ ಮಾಡೋದು ಹೆಂಗೆ’ ಅನ್ನೋ ಪ್ರಶ್ನೆಯೇ ತಪ್ಪು. ಒಂದೇ ಲೆಕ್ಕವನ್ನ ಎರಡು ಪುಸ್ತಕದಲ್ಲಿ ಬರೆದಿದ್ದಕ್ಕೇ ತಾಳೆ ನೋಡೋ ಕೆಲಸ ಬಂದದ್ದು.

ಒಂದೇ ಪುಸ್ತಕ ಇಡಿ. ಯಾವ ಮಾರುಕಟ್ಟೆ, ಯಾವ ಬೆಳೆ, ಎಷ್ಟನೇ ಪುಟ ಅನ್ನೋದಕ್ಕೆ ಯುಆರ್‌ಎಲ್ಲೇ ಯಜಮಾನ. ಡ್ರಾಪ್‌ಡೌನ್ ಬದಲಾದರೆ ಯುಆರ್‌ಎಲ್ ಮಾತ್ರ ಬದಲಿಸಿ. ಪರದೆ ಅದನ್ನ ಓದಿ ತಾನು ಬದಲಾಗಲಿ. ಬ್ಯಾಕ್ ಬಟನ್ನಿಗೆ ಬೇರೆ ಕೋಡ್ ಬೇಕಾಗಲ್ಲ. ಮಾರುಕಟ್ಟೆ ಬದಲಿಸಿದರೆ ಹಿಸ್ಟರಿಗೆ ಹೊಸ ನಮೂದು ಸೇರಿಸಿ. ಹುಡುಕೋ ಪೆಟ್ಟಿಗೆಯ ಒಂದೊಂದು ಅಕ್ಷರಕ್ಕೂ ಸೇರಿಸಬೇಡಿ, ರಿಪ್ಲೇಸ್‌ಸ್ಟೇಟ್ ಸಾಕು. ಇಲ್ಲದಿದ್ದರೆ ಬ್ಯಾಕ್ ಒತ್ತಿ ಒತ್ತಿ ಬೆರಳು ಸವೀತದೆ. ಹಂಗಂತ ಎಲ್ಲಾ ಅಲ್ಲಿಗೆ ತುರುಕಬೇಡಿ. ಯುಆರ್‌ಎಲ್ ಬ್ರೌಸರಿನ ಹಿಸ್ಟರಿಯಲ್ಲೂ ಸರ್ವರಿನ ಲಾಗ್‌ನಲ್ಲೂ ಉಳಿಯುತ್ತೆ. ಆಧಾರ್ ಸಂಖ್ಯೆ, ಒಟಿಪಿ, ಮೊಬೈಲ್ ನಂಬರ್ ಅದರ ಹತ್ತಿರ ಸುಳಿಯಬಾರದು. ಅರ್ಧ ತುಂಬಿದ ಫಾರಂ ಡ್ರಾಫ್ಟ್ ಆಗಿ ಬೇರೆ ಕಡೆ ಉಳೀಲಿ.

‘ಯೂಸರ್ ಯುಆರ್‌ಎಲ್ ನೋಡೋದೇ ಇಲ್ಲ ಬ್ರೋ’ ಅಂತ ವಾದ ಬರುತ್ತೆ. ನೋಡಲ್ಲ, ನಿಜ. ಮನೆಯ ಪಾಯವನ್ನೂ ಯಾರೂ ನೋಡಲ್ಲ. ಕಡಿಮೆ ಮೆಮೊರಿಯ ಫೋನಿನಲ್ಲಿ ಬ್ರೌಸರ್ ಬಿಟ್ಟು ವಾಟ್ಸ್ಯಾಪ್‌ಗೆ ಹೋಗಿ ಬಂದರೆ ಸಾಕು, ಎಷ್ಟೋ ಸಲ ಕ್ರೋಮ್ ಆ ಪುಟವನ್ನ ಹೊಸದಾಗಿ ಲೋಡ್ ಮಾಡುತ್ತೆ. ಅಲ್ಲಿ ರಿಫ್ರೆಶ್ ಒತ್ತೋದು ಯೂಸರ್ ಅಲ್ಲ, ಫೋನು. ನಾಲ್ಕೂ ಡ್ರಾಪ್‌ಡೌನ್ ಮತ್ತೆ ಮೊದಲಿಂದ. 16 ಜಿಬಿ ಲ್ಯಾಪ್‌ಟಾಪಿನಲ್ಲಿ ಕೂತು ಟೆಸ್ಟ್ ಮಾಡೋರಿಗೆ ಈ ಸಂಕಟ ಕಾಣೋದೇ ಇಲ್ಲ. ‘ದಯವಿಟ್ಟು ಬ್ಯಾಕ್ ಒತ್ತಬೇಡಿ’ ಅಂತ ಕೆಂಪಕ್ಷರದಲ್ಲಿ ಬರೆಯೋದಂತೂ ಸೋರೋ ಮಾಳಿಗೆ ಬಿಟ್ಟು, ಮಳೆಗೆ ಬರಬೇಡ ಅಂದಂಗೆ.

ಇನ್ನೊಂದು ಮಾತು. ರೂಟಿನ ಹೆಸರು ಬದಲಿಸಿದರೆ ಹಳೇ ಲಿಂಕನ್ನ ಸಾಯಿಸಬೇಡಿ, ರಿಡೈರೆಕ್ಟ್ ಇಡಿ. ಒಳ್ಳೆಯ ವಿಳಾಸ ಬದಲಾಗಬಾರದು ಅಂತ ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಬರೆದಿದ್ದಾರೆ. ನಮ್ಮೂರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಕಲಬುರಗಿ. ಗುಲ್ಬರ್ಗಾ ಅಂದವರನ್ನ ‘ಅಂಥ ಊರಿಲ್ಲ’ ಅಂತ ನಾವು ವಾಪಸ್ ಕಳಿಸ್ತೀವೇನು?

ಸ್ಪ್ರಿಂಟ್ ಒತ್ತಡ ನನಗೂ ಗೊತ್ತು. ಆದರೆ ಪರೀಕ್ಷೆ ಒಂದು ನಿಮಿಷದ್ದು. ನಾಲ್ಕು ಆಯ್ಕೆ ಮಾಡಿ. ರಿಫ್ರೆಶ್ ಒತ್ತಿ. ಬ್ಯಾಕ್ ಒತ್ತಿ. ಲಿಂಕನ್ನ ಇನ್ನೊಬ್ಬರ ಫೋನಿನಲ್ಲಿ ತೆರೆಯಿರಿ. ಮೂರರಲ್ಲಿ ಒಂದು ಫೇಲ್ ಆದರೂ ಆ ಪಿಆರ್‌ಗೆ ಅಪ್ರೂವ್ ಕೊಡಬೇಡಿ, ಬರೆದವರು ಎಷ್ಟೇ ಸೀನಿಯರ್ ಆಗಿರಲಿ, ಡೆಮೊ ಎಷ್ಟೇ ಚೆನ್ನಾಗಿರಲಿ.