ಕೇಸ್ ನಿಂತರೂ ಕ್ಯಾಮೆರಾ ನಿಲ್ಲಲ್ಲ: ಅಮೆರಿಕದ ಕೈದಿಗಳ ದಾವೆಯಲ್ಲಿ ಸಾಕ್ಷ್ಯಕ್ಕೆ ‘ಸ್ಟೇ’ ಬಿದ್ರೆ ಯಾರಿಗೆ ನಷ್ಟ?

ಅಂಗಡಿಗೆ ಸಿಸಿಟಿವಿ ಹಾಕಿಸಿದವರಿಗೆ ಇದು ಗೊತ್ತಿರುವ ವಿಷಯ. ಡಿವಿಆರ್‌ನ ಹಾರ್ಡ್ ಡಿಸ್ಕ್ ತುಂಬಿದ ಮೇಲೆ ಹಳೇ ದೃಶ್ಯದ ಮೇಲೆ ಹೊಸದು ಕೂರುತ್ತೆ. ಕಳ್ಳತನ ಆಗಿ ತಿಂಗಳುಗಟ್ಟಲೆ ಬಿಟ್ಟು ಹುಡುಕಿದರೆ ಏನೂ ಸಿಗಲ್ಲ. ಅಮೆರಿಕದಲ್ಲಿ ಜೈಲು ಸಿಬ್ಬಂದಿ ಮೇಲೆ ಕೇಸ್ ಹಾಕುವ ಕೈದಿಗಳಿಗೂ ಇದೇ ತಲೆನೋವು. ವ್ಯತ್ಯಾಸ ಇಷ್ಟೇ, ಅಲ್ಲಿ ಡಿವಿಆರ್ ಇರೋದು ಎದುರು ಪಾರ್ಟಿ ಕೈಯಲ್ಲಿ.

ವಾರ್ಡರ್ ಹೊಡೆದ, ಔಷಧಿ ಕೊಡಲಿಲ್ಲ ಎನ್ನುವ ಕೈದಿ ಅಲ್ಲಿ 1871ರ ನಾಗರಿಕ ಹಕ್ಕು ಕಾನೂನಿನ ಅಡಿ ಫೆಡರಲ್ ಕೋರ್ಟ್‌ಗೆ ದಾವೆ ಹಾಕುತ್ತಾನೆ. ‘ಸೆಕ್ಷನ್ 1983’ ಕೇಸ್ ಅಂತಾರೆ (ಇದು ಇಸವಿಯಲ್ಲ, ಸೆಕ್ಷನ್ ನಂಬರ್). 1996ರಲ್ಲಿ ಬಂದ ಕಾನೂನಿನ ಪ್ರಕಾರ ಮೊದಲು ಜೈಲಿನೊಳಗೇ ದೂರು ಕೊಟ್ಟು ಮುಗಿಸಿರಬೇಕು. ದುಡ್ಡಿಲ್ಲದವನಿಗೂ 350 ಡಾಲರ್ ಶುಲ್ಕ ಮಾಫಿ ಇಲ್ಲ, ಜೈಲು ಖಾತೆಯಿಂದ ಕಂತಿನಲ್ಲಿ ಕಡಿತ ಆಗುತ್ತೆ. ಸಿವಿಲ್ ದಾವೆಗೆ ಸರ್ಕಾರಿ ವಕೀಲ ಸಿಗಲೇಬೇಕು ಎಂಬ ಹಕ್ಕೂ ಇಲ್ಲ. ಹೆಚ್ಚಿನವರು ಅರ್ಜಿಯನ್ನು ತಾವೇ ಬರೆದುಕೊಳ್ಳುತ್ತಾರೆ.

ಆಮೇಲಿನ ಹಂತವೇ ‘ಡಿಸ್ಕವರಿ’. ವಿಡಿಯೋ, ಡ್ಯೂಟಿ ಪಟ್ಟಿ, ಆಸ್ಪತ್ರೆ ದಾಖಲೆಗಳನ್ನು ಎದುರು ಪಾರ್ಟಿಯಿಂದ ಕೇಳಿ ಪಡೆಯುವ ಅವಕಾಶ. ಅಷ್ಟರಲ್ಲಿ ಸಿಬ್ಬಂದಿ ಪರ ವಕೀಲರು ‘ಕ್ವಾಲಿಫೈಡ್ ಇಮ್ಯುನಿಟಿ’ ಎತ್ತುತ್ತಾರೆ. ಮಾಡಿದ್ದು ತಪ್ಪು ಅಂತ ಆಗಲೇ ಸ್ಪಷ್ಟವಾದ ಕಾನೂನು ಇಲ್ಲದಿದ್ದರೆ ನೌಕರ ಪರಿಹಾರ ಕೊಡಬೇಕಿಲ್ಲ ಎಂಬ ರಕ್ಷಣೆ ಅದು. ಈ ಪ್ರಶ್ನೆ ಇತ್ಯರ್ಥ ಆಗೋವರೆಗೆ ಡಿಸ್ಕವರಿಗೆ ಬಿಡಬಾರದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ರಕ್ಷಣೆ ಸಿಗದಿದ್ದರೆ ಕೇಸ್ ನಡುವೆಯೇ ಮೇಲ್ಮನವಿ ಹಾಕಬಹುದು. ಜಮೀನು ವ್ಯಾಜ್ಯದಲ್ಲಿ ಸ್ಟೇ ನೋಡಿದವರಿಗೆ ಮುಂದಿನ ಕಥೆ ಹೇಳಬೇಕಿಲ್ಲ.

ಹಾಗಂತ ಸ್ಟೇ ಹಿಂದೆ ಕಾರಣವೇ ಇಲ್ಲ ಅಂತಲ್ಲ. ಹುರುಳಿಲ್ಲದ ದಾವೆಗಳೂ ಬರುತ್ತವೆ, ಪ್ರತಿಯೊಂದಕ್ಕೂ ಸಿಬ್ಬಂದಿ ಡ್ಯೂಟಿ ಬಿಟ್ಟು ಕಡತ ಹುಡುಕುತ್ತಾ ಕೂತರೆ ಜೈಲು ನಡೆಯಲ್ಲ. ಆದ್ರೆ ನಿಲ್ಲೋದು ಕೇಸ್ ಮಾತ್ರ, ಕಾಲ ನಿಲ್ಲಲ್ಲ. ಪಕ್ಕದ ಸೆಲ್‌ನಲ್ಲಿದ್ದ ಸಾಕ್ಷಿ ಬೇರೆ ಜೈಲಿಗೆ ಹೋಗ್ತಾನೆ, ಇಲ್ಲ ಬಿಡುಗಡೆ ಆಗ್ತಾನೆ. ಅವನನ್ನು ಹುಡುಕಿಕೊಂಡು ಹೋಗಲು ಇವನಿಗೆ ಕಾಲಿಲ್ಲ.

ಇನ್ನೂ ದೊಡ್ಡ ಪೆಟ್ಟು ಹೆಸರಿನದು. ಹೊಡೆದವನ ಹೆಸರೇ ಗೊತ್ತಿಲ್ಲದ ಕೈದಿ ಅರ್ಜಿಯಲ್ಲಿ ‘ಜಾನ್ ಡೋ’ ಅಂತ ಬರೆದಿರುತ್ತಾನೆ. ನಿಜ ಹೆಸರು ಸಿಗಬೇಕಾದರೆ ಡ್ಯೂಟಿ ಪಟ್ಟಿ ಬೇಕು, ಪಟ್ಟಿ ಬೇಕಾದರೆ ಡಿಸ್ಕವರಿ ಬೇಕು. ಟೆಕ್ಸಾಸ್‌ನಲ್ಲಿ ಇಂಥ ದಾವೆಗೆ ಕಾಲಮಿತಿ 2 ವರ್ಷ. ಅದು ದಾಟಿದ ಮೇಲೆ ಹೆಸರು ಸೇರಿಸಲು ಹೋದರೆ ಹಲವು ಕೋರ್ಟ್‌ಗಳು ಒಪ್ಪಲ್ಲ.

ಇಮ್ಯುನಿಟಿ ವಾದ ಎಷ್ಟು ಎಳೆಯುತ್ತೆ ಎನ್ನುವುದಕ್ಕೆ ಟೆಕ್ಸಾಸ್‌ನದೇ ಒಂದು ಪ್ರಕರಣ ಸಾಕು. 2013ರ ಸೆಪ್ಟೆಂಬರ್‌ನಲ್ಲಿ ಕೈದಿಯೊಬ್ಬನನ್ನು 6 ದಿನ ಮಲ ಮೆತ್ತಿದ, ಕೊಳಚೆ ನೀರು ನಿಂತ ಸೆಲ್‌ಗಳಲ್ಲಿ ಇಟ್ಟರು ಎಂಬುದು ಆರೋಪ. ನಲ್ಲಿಯೊಳಗೂ ಅದೇ ಗಲೀಜು, ಸುಮಾರು 4 ದಿನ ಅವನು ಅನ್ನ ನೀರು ಮುಟ್ಟಲಿಲ್ಲವಂತೆ. ಮೇಲ್ಮನವಿ ಕೋರ್ಟ್ ಸಿಬ್ಬಂದಿಗೆ ಇಮ್ಯುನಿಟಿ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದು 2020ರ ನವೆಂಬರ್‌ನಲ್ಲಿ. ಇಮ್ಯುನಿಟಿಯ ಒಂದು ಪ್ರಶ್ನೆ ತೀರುವಷ್ಟರಲ್ಲಿ ಘಟನೆ ನಡೆದು 7 ವರ್ಷ ಆಗಿತ್ತು.

ಸ್ಟೇ ಕೊಡುವ ಜಡ್ಜ್ ಕೈಯಲ್ಲಿ ಬೇರೆ ದಾರಿಯೂ ಇದೆ. ವಿಡಿಯೋ ಅಳಿಸದೆ ಇಡಿ, ಡ್ಯೂಟಿಯಲ್ಲಿದ್ದವರ ಹೆಸರಷ್ಟೇ ಕೊಡಿ, ಉಳಿದದ್ದು ಆಮೇಲೆ ಎನ್ನಬಹುದು. ಕೇಸ್ ಬರುವ ಸೂಚನೆ ಇದ್ದಾಗ ದೃಶ್ಯ ಉಳಿಸಿಕೊಳ್ಳುವುದು ಜೈಲಿನ ಹೊಣೆ ಎಂದು ನಿಯಮವೂ ಇದೆ. ಆದ್ರೆ ಅಳಿಸಿದ್ದಕ್ಕೆ ದೊಡ್ಡ ದಂಡನೆ ಆಗಬೇಕಾದರೆ ಬೇಕಂತಲೇ ಅಳಿಸಿದರು ಅಂತ ತೋರಿಸಬೇಕು. ಸೆಲ್‌ನಲ್ಲಿ ಕೂತವನು ಅದನ್ನು ಯಾವ ದಾಖಲೆ ಹಿಡಿದು ತೋರಿಸಬೇಕು? ಆ ದಾಖಲೆಯೂ ಡಿಸ್ಕವರಿಯಲ್ಲೇ ಸಿಗಬೇಕಾದದ್ದು.