ತೋಟದಂಚಿನ ಗಾಂಜಾ, ನಮ್ಮ ಮೌನ

ಸದಸ್ಯ ಬಾಂಧವರ ಮುಂದೆ ಈ ಸಲ ಇಡುತ್ತಿರುವ ವಿಷಯ ಕೊಳೆರೋಗದ್ದಲ್ಲ, ಕಾಂಡಕೊರಕದ್ದೂ ಅಲ್ಲ. ಗೊಬ್ಬರಕ್ಕೋ ಸಾಲದ ಕಂತಿಗೋ ಸಂಘದ ಕಚೇರಿಗೆ ಬಂದವರು ಎದ್ದು ಹೋಗುವಾಗ ದನಿ ತಗ್ಗಿಸಿ ಹೇಳುವ ಸುದ್ದಿಯೊಂದಿದೆ. ಇಂಥವರ ಶುಂಠಿ ಜಾಗದ ನಡುವೆ ನಾಲ್ಕು ಗಾಂಜಾ ಗಿಡ ಇದೆಯಂತೆ, ಇಂಥ ಗೂಡಂಗಡಿಯಲ್ಲಿ ಪೊಟ್ಟಣ ಸಿಗುತ್ತದಂತೆ. ಪೊಲೀಸರಿಗೆ ತಿಳಿಸಿದಿರಾ ಎಂದು ನಾವು ಕೇಳಿದರೆ ಬರುವ ಉತ್ತರ ಒಂದೇ: "ನಮಗ್ಯಾಕೆ ಬೇಕು ಮಾರಾಯ್ರೆ, ಊರಲ್ಲಿ ಬಾಳಬೇಕಲ್ಲ."

ಊರಲ್ಲಿ ಬಾಳಬೇಕು, ನಿಜ. ಆದರೆ ಗಾಂಜಾದ ವಿಷಯದಲ್ಲಿ "ನಮಗ್ಯಾಕೆ" ಎನ್ನುವ ಸ್ವಾತಂತ್ರ್ಯವನ್ನು ಕಾನೂನು ಜಮೀನುದಾರನಿಗೆ ಕೊಟ್ಟಿಲ್ಲ. ಎನ್‌ಡಿಪಿಎಸ್ ಕಾಯಿದೆ ಎಂದು ಎಲ್ಲರೂ ಕರೆಯುವ 1985ರ ಮಾದಕ ವಸ್ತುಗಳ ಕಾಯಿದೆಯ 46ನೆಯ ಕಲಮು ಓದಲು ನಾಲ್ಕು ಸಾಲೂ ಇಲ್ಲ. ತನ್ನ ಜಮೀನಿನಲ್ಲಿ ಗಾಂಜಾ ಗಿಡ ಅಕ್ರಮವಾಗಿ ಬೆಳೆದಿದ್ದರೆ ಜಮೀನುದಾರನು ಕೂಡಲೇ ಪೊಲೀಸರಿಗೆ ಅಥವಾ ಅಧಿಕಾರವುಳ್ಳ ಇತರ ಇಲಾಖೆಯವರಿಗೆ ತಿಳಿಸತಕ್ಕದ್ದು, ತಿಳಿದೂ ತಿಳಿಸದಿದ್ದರೆ ಶಿಕ್ಷೆಗೆ ಗುರಿಯಾಗತಕ್ಕದ್ದು ಎಂಬುದು ಅದರ ಸಾರ. 47ನೆಯ ಕಲಮು ಇದೇ ಕರ್ತವ್ಯವನ್ನು ಸರ್ಕಾರಿ ನೌಕರರ ಮೇಲೂ ಗ್ರಾಮದ ಪಂಚರ ಮೇಲೂ ಹೊರಿಸಿದೆ. 25ನೆಯದು ಇನ್ನೂ ಬಿಗಿ. ತನ್ನ ಮನೆ, ಕೊಟ್ಟಿಗೆ, ಜಾಗ, ವಾಹನವನ್ನು ಈ ದಂಧೆಗೆ ಬಳಸಲು ತಿಳಿದೂ ಬಿಟ್ಟವನಿಗೆ ದಂಧೆ ಮಾಡಿದವನಿಗಿರುವ ಶಿಕ್ಷೆಯೇ.

"ದನದ ಔಷಧಿಗೆ ಒಂದೆರಡು ಗಿಡ ಹಿಂದಿನಿಂದಲೂ ಇಟ್ಟುಕೊಂಡಿದ್ದೇವೆ" ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಗಮನಕ್ಕೂ ಒಂದು ಮಾತು. ಇಟ್ಟುಕೊಂಡ, ಸಾಗಿಸಿದ ಗಾಂಜಾಕ್ಕೆ ಕಾನೂನು ತೂಕ ನೋಡುತ್ತದೆ. ಒಂದು ಕಿಲೋವರೆಗೆ ಅಲ್ಪ ಪ್ರಮಾಣ, 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ಬೆಳೆಸುವುದಕ್ಕೆ ಇಂಥ ಲೆಕ್ಕವಿಲ್ಲ. ಗಿಡ ಒಂದಾದರೂ ಅಪರಾಧವೇ. ಹತ್ತು ವರ್ಷದವರೆಗೆ ಕಠಿಣ ಸಜೆ, ಲಕ್ಷದವರೆಗೆ ದಂಡ.

ಇನ್ನು ಗುರುತಿಸುವ ಬಗೆ. ಒಂದೇ ತೊಟ್ಟಿನ ತುದಿಯಿಂದ ಅಂಗೈ ಬೆರಳಿನಂತೆ ಹರಡಿದ ಐದೋ ಏಳೋ ಉದ್ದನೆಯ ಎಸಳು, ಪ್ರತಿ ಎಸಳಿನ ಅಂಚಿಗೂ ಗರಗಸದ ಹಲ್ಲು. ಮಳೆಗಾಲದಲ್ಲಿ ಎದ್ದ ಗಿಡ ಹಗಲು ಕಿರಿದಾಗುತ್ತ ಬಂದಂತೆ ಹೂ ಕಟ್ಟುತ್ತದೆ. ಆಗ ಅಂಟಂಟಾದ ತೆನೆಯ ಘಾಟು ವಾಸನೆ ದೂರದಿಂದಲೇ ಮೂಗಿಗೆ ಬಡಿಯುತ್ತದೆ. ಮರಗೆಣಸಿನ ಎಲೆ ಕಂಡು ಗಾಬರಿಯಾಗುವುದು ಬೇಡ, ಅದರ ಅಂಚು ನುಣುಪು. ಪುಂಡಿ ಗಿಡ ಮಾತ್ರ ನಿಜಕ್ಕೂ ಮೋಸ ಮಾಡುತ್ತದೆ. ಸಸ್ಯಶಾಸ್ತ್ರಜ್ಞರು ಅದಕ್ಕೆ ಹೈಬಿಸ್ಕಸ್ ಕ್ಯಾನಬಿನಸ್ ಎಂದು ಹೆಸರಿಟ್ಟಿರುವುದೇ ಅದರ ಎಲೆ ಗಾಂಜಾ ಎಲೆಯನ್ನು ಹೋಲುವುದರಿಂದ. ಆದರೆ ಅದರ ಹೂ ದಾಸವಾಳದ ಜಾತಿಯದು, ಕಂಡೊಡನೆ ಗೊತ್ತಾಗುತ್ತದೆ.

ಎಲೆಗಿಂತ ಮೊದಲು ಬೆಳೆಗಾರನ ಕಣ್ಣಿಗೆ ಬೀಳಬೇಕಾದದ್ದು ಜಾಗ. ಗಾಂಜಾಕ್ಕೆ ಬಿಸಿಲು ಬೇಕು. ದಟ್ಟ ನೆರಳಿನ ರೊಬಸ್ಟಾ ಬುಡದಲ್ಲಿ ಅದು ಏಳುವುದಿಲ್ಲ. ತೋಟದ ಮೇಲಂಚಿನ ಪಾಳು ಜಾಗದಲ್ಲಿ ಕಾರಣವಿಲ್ಲದೆ ಮರಗಸಿ ಆಗಿದ್ದರೆ, ಯಾವ ಬೆಳೆಯೂ ಇಲ್ಲದ ಕಡೆಗೆ ಹಳ್ಳದಿಂದ ಪೈಪು ಎಳೆದಿದ್ದರೆ, ಯಾರೂ ಓಡಾಡದ ಸೊಪ್ಪಿನ ಬೆಟ್ಟಕ್ಕೆ ಹೊಸ ಕಾಲುದಾರಿ ಬಿದ್ದಿದ್ದರೆ ಒಮ್ಮೆ ವಿಚಾರಿಸಬೇಕು. ವರ್ಷದಲ್ಲಿ ಎರಡು ಸಲವಾದರೂ ಸ್ವಂತ ಗಡಿಯನ್ನು ಕಾಲ್ನಡಿಗೆಯಲ್ಲಿ ಸುತ್ತದ ಯಜಮಾನರು ಈಗ ಹೆಚ್ಚಾಗಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ಯಜಮಾನರ ಮಂಡಿಯಲ್ಲಿ ನೋವು, ತೋಟ ರೈಟರ ಕೈಯಲ್ಲಿ. ಹೀಗೆ ಕಣ್ಣು ತಪ್ಪಿದ ಜಾಗವೇ ಇಂಥವರಿಗೆ ಬೇಕಾದದ್ದು.

ಮಾರಾಟದ ಲಕ್ಷಣಗಳು ಇಷ್ಟು ಸ್ಪಷ್ಟವಲ್ಲ. ಅಂಗಡಿಯ ಮುಂದೆ ಹೊತ್ತಲ್ಲದ ಹೊತ್ತಿನಲ್ಲಿ ಬೈಕು ನಿಲ್ಲುತ್ತದೆ, ಎರಡೇ ನಿಮಿಷದಲ್ಲಿ ಹೊರಟುಹೋಗುತ್ತದೆ, ಅಂಗಡಿಯಿಂದ ಕೊಂಡದ್ದೇನೂ ಕಾಣುವುದಿಲ್ಲ. ಒಂದು ದಿನದ್ದಾದರೆ ಅದಕ್ಕೆ ಅರ್ಥವಿಲ್ಲ. ವಾರಗಟ್ಟಲೆ, ಬೇರೆ ಬೇರೆ ಹುಡುಗರು, ಅದೇ ಹೊತ್ತಿಗೆ ಎಂದಾದರೆ ತಿಳಿಸಬೇಕಾದ ಸಂಗತಿ.

ಇಲ್ಲಿ ನಾವು ಸ್ವಲ್ಪ ನಿಷ್ಠುರವಾಗಿಯೇ ಹೇಳುತ್ತೇವೆ. ನಮ್ಮವರ ಅನುಮಾನ ಮೊದಲು ಹೋಗುವುದು ಲೈನ್ ಮನೆಗಳಲ್ಲಿರುವ ಅಸ್ಸಾಮಿನ ಆಳುಗಳ ಮೇಲೆ. ಕೊಯ್ಲಿನ ಹೊತ್ತಿಗೆ ಅವರು ಬಾರದಿದ್ದರೆ ಕಾಫಿ ಹಣ್ಣು ಗಿಡದಲ್ಲೇ ಒಣಗುತ್ತದೆ. ಬಂದರೆ ಅವರ ಮುಖ, ಭಾಷೆಯೇ ಪುರಾವೆಯಾಗುತ್ತದೆ. ಸದಸ್ಯರೊಬ್ಬರು ನಮ್ಮಲ್ಲಿಗೆ ತಂದ ದೂರು, ಲೈನಿನ ಜಗುಲಿಯಲ್ಲಿ ಕೂತು ಅಂಗೈಯಲ್ಲಿ ಏನನ್ನೋ ಉಜ್ಜುತ್ತಾರೆ ಎಂಬುದು. ವಿಚಾರಿಸಿದರೆ ಸುಣ್ಣ ಹಾಕಿ ಉಜ್ಜಿದ ಖೈನಿ. ದಿನಕ್ಕೆ ಹತ್ತು ಸಲ ಎಲೆಅಡಿಕೆಗೆ ಸುಣ್ಣ ಹಚ್ಚುವ ನಮಗೆ ಅದು ಹೊಳೆಯಲಿಲ್ಲವೆಂದರೆ ಆಶ್ಚರ್ಯ. ತಿಳಿಸಬೇಕಾದದ್ದು ಕಂಡ ಕೆಲಸವನ್ನು, ಮನುಷ್ಯನ ಊರನ್ನಲ್ಲ. ಬೇಲಿ ತಗಾದೆಯ ಸೇಡಿಗೆ ನೆರೆಯವನ ಮೇಲೆ ಸುಳ್ಳು ಸುದ್ದಿ ಕೊಡುವವರಿಗೂ ಕಾಯಿದೆಯಲ್ಲಿ ಜಾಗವಿದೆ. ದುರುದ್ದೇಶದಿಂದ ಸುಳ್ಳು ಮಾಹಿತಿ ಕೊಟ್ಟು ಶೋಧನೆಗೋ ದಸ್ತಗಿರಿಗೋ ಕಾರಣನಾದವನಿಗೆ 58ನೆಯ ಕಲಮಿನಂತೆ ಎರಡು ವರ್ಷದವರೆಗೆ ಸಜೆಯಾಗಬಹುದು.

ಗಿಡ ಕಂಡವರು ಅದನ್ನು ಕಿತ್ತು ಸುಡಲು ಹೋಗಬಾರದು. ಒಳ್ಳೆಯ ಉದ್ದೇಶದಿಂದಲೇ ಹಾಗೆ ಮಾಡುವವರಿದ್ದಾರೆ. ಆದರೆ ಸಾಕ್ಷ್ಯ ಹೋಗುತ್ತದೆ, ಬೆಳೆದವನು ಉಳಿಯುತ್ತಾನೆ, ಗಿಡ ಹಿಡಿದ ಕೈ ನಮ್ಮದಾಗುತ್ತದೆ. ಎದುರಿಗೆ ಹೋಗಿ ಕೇಳುವುದೂ ಬೇಡ. ಯಾವ ಜಾಗ, ಯಾವ ದಿನ, ಎಷ್ಟು ಹೊತ್ತಿಗೆ, ಬೈಕಿನ ನಂಬರು, ಕಂಡದ್ದು ಎಷ್ಟು ಕೇಳಿದ್ದು ಎಷ್ಟು ಎಂದು ಬರೆದಿಟ್ಟುಕೊಂಡು ಠಾಣೆಗೋ ಅಬಕಾರಿ ಇಲಾಖೆಗೋ ತಿಳಿಸಬೇಕು. ತುರ್ತಾದರೆ 112. ಇದಕ್ಕೆಂದೇ ಕೇಂದ್ರ ಸರ್ಕಾರ 2024ರ ಜುಲೈಯಲ್ಲಿ ಆರಂಭಿಸಿದ ಮಾನಸ್ ಸಹಾಯವಾಣಿಯ ಸಂಖ್ಯೆ 1933.

"ಬೆಳಿಗ್ಗೆ ಠಾಣೆಯಲ್ಲಿ ಹೇಳಿದ್ದು ಸಂಜೆ ಹೋಟೆಲಿನಲ್ಲಿ ಕೇಳಿಸುತ್ತದೆ" ಎಂಬ ದೂರು ಸದಸ್ಯರದ್ದು. ಅದು ಪೂರ್ತಿ ಕಲ್ಪನೆ ಎನ್ನಲು ನಾವು ಸಿದ್ಧರಿಲ್ಲ. ಸುದ್ದಿ ಎಲ್ಲಿಂದ ಬಂತೆಂದು ಹೇಳುವಂತೆ ಅಧಿಕಾರಿಯನ್ನು ಯಾರೂ ಬಲವಂತ ಮಾಡುವಂತಿಲ್ಲ ಎನ್ನುತ್ತದೆ 68ನೆಯ ಕಲಮು. ಅಧಿಕಾರಿ ತಾನಾಗಿಯೇ ಬಾಯಿಬಿಟ್ಟರೆ ಆ ಕಲಮಿನಿಂದ ಏನು ಪ್ರಯೋಜನ? ಸ್ಥಳೀಯವಾಗಿ ಭರವಸೆ ಇಲ್ಲದವರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೇ ನೇರವಾಗಿ ತಿಳಿಸಬಹುದು. ಸ್ವಂತ ಜಮೀನಿನಲ್ಲೇ ಗಿಡ ಸಿಕ್ಕಿದ್ದರೆ ಮಾತ್ರ ಬಾಯಿಮಾತು ಸಾಲದು. ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಮನೆಯ ಹುಡುಗನೇ ಚಟಕ್ಕೆ ಬಿದ್ದಿದ್ದರೆ ಅವನನ್ನು ಮೊದಲು ಕರೆದೊಯ್ಯಬೇಕಾದದ್ದು ವೈದ್ಯರ ಹತ್ತಿರ. ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಾನಾಗಿ ಸರ್ಕಾರದ ಮಾನ್ಯತೆಯ ಕಡೆ ಚಿಕಿತ್ಸೆಗೆ ಬಂದ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ 64-ಎ ಕಲಮಿನಲ್ಲಿದೆ. ಚಿಕಿತ್ಸೆ ಪೂರೈಸಬೇಕು ಎಂಬುದು ಷರತ್ತು. ವ್ಯಸನಮುಕ್ತಿ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ.

ಶುಂಠಿಗೆ ಜಾಗ ಗುತ್ತಿಗೆ ಕೊಡುವವರಿಗೆ ಕಡೆಯದಾಗಿ ಒಂದು ಸೂಚನೆ. ಬಾಯಿಮಾತಿನ ಗುತ್ತಿಗೆ ನಮ್ಮಲ್ಲಿ ಈಗಲೂ ರೂಢಿ. ಗುತ್ತಿಗೆದಾರ ಯಾವ ಜಿಲ್ಲೆಯವನೆಂಬುದೂ ಎಷ್ಟೋ ಜನರಿಗೆ ತಿಳಿದಿರುವುದಿಲ್ಲ. ಪಹಣಿಯಲ್ಲಿರುವುದು ನಿಮ್ಮ ಹೆಸರು. ಗಿಡ ಸಿಕ್ಕಿದ ದಿನ ಮೊದಲ ಪ್ರಶ್ನೆ ನಿಮಗೇ. ಆದಕಾರಣ ಬೆಳೆ ಯಾವುದು, ಅವಧಿ ಎಷ್ಟು, ಯಾವಾಗ ಬೇಕಾದರೂ ಜಾಗ ನೋಡುವ ಹಕ್ಕು ಮಾಲೀಕನಿಗಿದೆ ಎಂಬುದನ್ನೆಲ್ಲ ಬರೆದು, ಗುತ್ತಿಗೆದಾರನ ಗುರುತಿನ ಪತ್ರದ ನಕಲನ್ನೂ ಸೇರಿಸಿ ಕರಾರು ಮಾಡಿಕೊಳ್ಳಬೇಕು. ಕರಾರು ಪತ್ರದ ಮಾದರಿ ಸಂಘದ ಕಚೇರಿಯಲ್ಲಿದೆ. ಈ ಸಲದ ಶುಂಠಿ ಮಾತುಕತೆ ಮುಗಿಸುವ ಮೊದಲು ಬಂದು ಒಯ್ಯಬಹುದು.