ಹಡಗು ತಡವಾದರೆ ಒಲೆ ಆರಬಾರದು



ಹಡಗು ತಡವಾದರೆ ಏನಾಗುತ್ತದೆಂದು ಕಾಫಿ ಬೆಳೆಗಾರರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾದ ಮೇಲೆ ಯುರೋಪಿಗೆ ಹೋಗುವ ಸರಕು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಖಂಡವನ್ನೇ ಸುತ್ತಿ ಸಾಗಬೇಕಾಯಿತು. ಬಾಡಿಗೆಯೂ ಏರಿತು, ದಿನಗಳೂ ಹೆಚ್ಚಿದವು. ಆದರೆ ಕಾಫಿ ತಡವಾದರೆ ಯಾರೂ ಉಪವಾಸ ಬೀಳುವುದಿಲ್ಲ. ಉಣ್ಣುವ ವಸ್ತುವೇ ಹಡಗಿನಲ್ಲಿ ಬರಬೇಕಾದರೆ?

ದೇಶ ಈ ಪಾಠವನ್ನು ಹಿಂದೆಯೇ ಕಲಿತಿದೆ. 1942ರಲ್ಲಿ ಬರ್ಮಾ ಜಪಾನೀಯರ ವಶವಾದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಮರುವರ್ಷದ ಬಂಗಾಳ ಕ್ಷಾಮಕ್ಕೆ ಅದೂ ಒಂದು ಕಾರಣ. 1965-66ರ ಬರಗಾಲದಲ್ಲಿ ಅಮೆರಿಕದ ಗೋಧಿ ಹಡಗುಗಳ ದಾರಿ ಕಾಯಬೇಕಾಯಿತು. ಆಮೇಲೆ ಹೊಸ ತಳಿ, ಬೆಂಬಲ ಬೆಲೆ, ಸರ್ಕಾರಿ ದಾಸ್ತಾನು ಇವುಗಳಿಂದ ಅಕ್ಕಿ-ಗೋಧಿಯ ಚಿಂತೆ ಬಹುಮಟ್ಟಿಗೆ ನೀಗಿತು.

ಎಣ್ಣೆಯಲ್ಲಿ ಮಾತ್ರ ಕಲಿತದ್ದನ್ನು ಮರೆತೆವು. 1986ರಲ್ಲಿ ಎಣ್ಣೆಕಾಳುಗಳ ತಾಂತ್ರಿಕ ಮಿಷನ್ ಆರಂಭವಾದ ಮೇಲೆ ಕೆಲವು ವರ್ಷ ಆಮದು ಬಹಳ ಇಳಿದಿತ್ತು. ತೊಂಬತ್ತರ ದಶಕದಲ್ಲಿ ಬಾಗಿಲು ತೆರೆಯಿತು. ಇಂದು ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. 2022ರಲ್ಲಿ ಯುದ್ಧದಿಂದ ಉಕ್ರೇನಿನ ಸೂರ್ಯಕಾಂತಿ ಎಣ್ಣೆ ತಡೆಯಿತು. ಅದೇ ಏಪ್ರಿಲ್ 28ರಂದು ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು. ಆ ನಿಷೇಧ ನಾಲ್ಕು ವಾರವೂ ಇರಲಿಲ್ಲ. ಆದರೂ ನಮ್ಮ ಅಡುಗೆಮನೆಗಳಿಗೆ ಅದರ ಬಿಸಿ ತಟ್ಟಿತು.

ತೋಟಕ್ಕೆ ಹಾಕುವ ಪೊಟ್ಯಾಷ್ ಕೂಡ ಹೆಚ್ಚುಕಡಿಮೆ ಪೂರ್ತಿ ಆಮದೇ. ಹಡಗು ಬಾರದಿದ್ದರೆ ಊಟದ ಜೊತೆಗೆ ಬೆಳೆಯೂ ಸೊರಗುತ್ತದೆ.

ನಾವು ವ್ಯಾಪಾರದ ವಿರೋಧಿಗಳಲ್ಲ. ಹೊರದೇಶಕ್ಕೆ ಮಾರಿಯೇ ಬದುಕುವವರು. ಆದರೆ ಅಗ್ಗವಾದದ್ದನ್ನು ಕೊಳ್ಳುವುದು ಬೇರೆ, ಅದೊಂದನ್ನೇ ನಂಬುವುದು ಬೇರೆ. ಸರ್ಕಾರ ಅಕ್ಕಿಗೆ ಮಾಡಿದಂತೆ ಎಣ್ಣೆಗೂ ದಾಸ್ತಾನು ಮಾಡಲಿ, ಎಣ್ಣೆಕಾಳು ಬೆಳೆಯುವವನಿಗೆ ಬೆಲೆಯ ಭರವಸೆ ಕೊಡಲಿ.

ಸರ್ಕಾರವನ್ನು ದೂರುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಮಣ್ಣು ತುಂಬಿ ಗದ್ದೆಗಳನ್ನು ಅಡಿಕೆ ತೋಟ ಮಾಡಿದವರು ನಾವೇ. ಭತ್ತ ಗಿಟ್ಟುವುದಿಲ್ಲ, ನಾಟಿಗೆ ಆಳು ಸಿಗುವುದಿಲ್ಲ ಎಂಬುದು ನಿಜ. ಆದರೂ ಉಳಿದಿರುವ ಗದ್ದೆಯಲ್ಲಿ ಮನೆಯ ಊಟಕ್ಕಾಗುವಷ್ಟನ್ನಾದರೂ ಉಳಿಸಿಕೊಳ್ಳೋಣ. ಪೊಟ್ಯಾಷ್ ಅಂಶ ಹೇರಳವಾಗಿರುವ ಕಾಫಿ ಹಣ್ಣಿನ ಸಿಪ್ಪೆಯನ್ನು ಹೊಳೆಗೆ ಬಿಡದೆ, ಅಡಿಕೆ ಸಿಪ್ಪೆಯನ್ನು ಸುಡದೆ, ಕಳಿಸಿ ಗೊಬ್ಬರ ಮಾಡೋಣ. ಗೊಬ್ಬರದ ಬೇಡಿಕೆಯನ್ನು ಮಳೆಗಾಲಕ್ಕೆ ಮುಂಚೆಯೇ ಸಂಘಕ್ಕೆ ತಿಳಿಸಿದರೆ ಒಟ್ಟಾಗಿ ತರಿಸಿಡಬಹುದು.

ಗದ್ದೆ ಒಮ್ಮೆ ತೋಟವಾದರೆ ಮತ್ತೆ ಗದ್ದೆಯಾಗುವುದು ಕಷ್ಟ. ಮುಂದಿನ ಅಡಿಕೆ ಸಸಿ ನೆಡುವ ಮುನ್ನ ಸದಸ್ಯರು ಇದನ್ನೊಮ್ಮೆ ಯೋಚಿಸಬೇಕೆಂದು ನಮ್ಮ ವಿನಂತಿ.

— ಕಾರ್ಯದರ್ಶಿ